ಕಲ್ಯಾಣಿ ದಾರಿಯ ದೊಡ್ಡ ಡ್ರಮ್ಮು

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರಿಗೆ ಆಗ ಒಂದು ಬ್ಯಾಂಡಿನ ಅಂಗಡಿ ಇತ್ತು. ಮದುವೆ ಮೆರವಣಿಗೆಗೆ ಊದುವವರು ತಮ್ಮ ವಾದ್ಯಗಳನ್ನು ಇಟ್ಟುಕೊಳ್ಳುತ್ತಿದ್ದ ಉದ್ದನೆಯ ತಗಡಿನ ಕೋಣೆ. ಎಂಬತ್ತೊಂದನೆಯ ಇಸವಿಯ ಶ್ರಾವಣದ ಒಂದು ಸಂಜೆ ಹಳ್ಳ ತುಂಬಿ ಬಸವಕಲ್ಯಾಣದ ಬಸ್ಸು ನಿಂತುಬಿಟ್ಟಾಗ ನಾವು ಏಳೆಂಟು ಪ್ರಯಾಣಿಕರು ಮಳೆಗೆ ಹೆದರಿ ಆ ಕೋಣೆಯೊಳಗೆ ಸೇರಿಕೊಂಡೆವು. ಅಂಗಡಿಯ ಯಜಮಾನ ಮಚ್ಚೇಂದ್ರಪ್ಪ ಅರವತ್ತೈದು ದಾಟಿದ ಮುದುಕ. ಏನೂ ಕೇಳದೆ ನಮಗೆಲ್ಲ ಕೂರಲು ಬಾಕು ಎಳೆದುಕೊಟ್ಟು, ತನ್ನ ಕ್ಲಾರಿನೆಟ್ಟಿನ ಕೀಲುಗಳಿಗೆ ಎಣ್ಣೆ ಹಚ್ಚುತ್ತ ಕುಳಿತ.

ಅಂದು ಮಧ್ಯಾಹ್ನವಷ್ಟೇ ನಾನು ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಸಿಪಾಯಿಯ ಮಣ್ಣಿಗೆ ಹೋಗಿ ಬಂದಿದ್ದೆ. ನನ್ನ ಶಾಲೆಯಲ್ಲಿ ಕಲಿತ ಹುಡುಗ. ಗಡಿಯಲ್ಲಿ ತೀರಿಕೊಂಡಿದ್ದ. ಮಿಲಿಟರಿಯವರು ತಮ್ಮ ಬ್ಯಾಂಡಿನೊಂದಿಗೆ ಶವ ತಂದಿದ್ದರು. ಒಯ್ಯುವಾಗ ಅವರು ನುಡಿಸಿದ ಧಾಟಿ ಎಷ್ಟು ನಿಧಾನವಾಗಿತ್ತೆಂದರೆ ಕಲ್ಲೂ ಅಳಬೇಕು, ಹಾಗಿತ್ತು. ಆದರೆ ಮಣ್ಣು ಮುಚ್ಚಿ ತಿರುಗಿದ ಕೂಡಲೇ ಅದೇ ಬ್ಯಾಂಡು ಮದುವೆಗೆ ಹೊರಟವರ ಹಾಗೆ ಚುರುಕಾದ ಧಾಟಿ ಬಾರಿಸುತ್ತ ಸ್ಮಶಾನದಿಂದ ಹೊರಟಿತು. ಹುಡುಗನ ಸೋದರಮಾವ ಇದು ಸತ್ತವನಿಗೆ ಅವಮಾನವೆಂದು ಕೂಗಾಡಿದ್ದ. ನನಗೂ ಅದು ಅರ್ಥವಾಗಿರಲಿಲ್ಲ. ಈ ಮಾತನ್ನು ಪಕ್ಕದಲ್ಲಿದ್ದವರ ಹತ್ತಿರ ಹೇಳುತ್ತಿದ್ದೆ.

ಮಚ್ಚೇಂದ್ರಪ್ಪ ಎಣ್ಣೆಯ ಅರಿವೆ ಕೆಳಗಿಟ್ಟ.

"ಅದು ಬೇಅದಬಿ ಅಲ್ರಿ ಮಾಸ್ತರ. ಅದು ಫೌಜಿನ ಕಾಯ್ದೆ ಅದ. ಆ ಕಾಯ್ದೆ ನಾವು ಒಮ್ಮಿ ಮುರದೀವಿ. ಏನಾಯ್ತು ಅಂತ ಕೇಳ್ತೀರೇನು? ಹ್ಯಾಂಗೂ ಹಳ್ಳ ಇಳಿಯೂತನಕ ನಿಮ್ಮ ಬಸ್ಸು ಬಿಡೂದಿಲ್ಲ."

ಕೇಳುತ್ತೇವೆಂದು ಎಲ್ಲರೂ ಬಾಕುಗಳನ್ನು ಹತ್ತಿರ ಎಳೆದುಕೊಂಡೆವು. ಅವನು ಹೇಳಿದ್ದು ನಮ್ಮ ಸೀಮೆಯ ಮಾತಿನಲ್ಲಿ, ಅರ್ಧ ಉರ್ದು ಬೆರೆಸಿ. ಹೊರಗಿನವರಿಗೂ ತಿಳಿಯಲೆಂದು ನಾನು ಅದನ್ನು ಬರವಣಿಗೆಯ ಕನ್ನಡಕ್ಕೆ ತಂದಿದ್ದೇನೆ. ಒಬ್ಬರೊಡನೊಬ್ಬರು ಆಡಿದ ಮಾತುಗಳನ್ನು ಮಾತ್ರ ಮುಟ್ಟಿಲ್ಲ.

ನಮ್ಮದು ಸನಾದಿ ಊದುವ ಮನೆ. ಊರಿನ ಎಲ್ಲರ ಮದುವೆಗೂ ನಮ್ಮ ಅಪ್ಪನೇ ಊದುತ್ತಿದ್ದ, ಆದರೆ ಯಾರ ಹಂದರದೊಳಗೂ ಅವನಿಗೆ ಕೂರಲು ಜಾಗವಿರಲಿಲ್ಲ. ನನಗೆ ಇಪ್ಪತ್ತು ತುಂಬಿದಾಗ ಹೈದರಾಬಾದ್ ಸಂಸ್ಥಾನದ ಫೌಜಿನವರು ಉಸಿರು ಗಟ್ಟಿ ಇರುವವರನ್ನು ಹುಡುಕಿಕೊಂಡು ಬಂದರು. ನಾನು ಹೋದೆ. ಸನಾದಿಯ ಬದಲು ಕೈಗೆ ಕ್ಲಾರಿನೆಟ್ಟು ಬಂತು, ಕಾಲಿಗೆ ಬೂಟು ಬಂತು... ಮತ್ತು ಪಕ್ಕದಲ್ಲಿ ಕೂತು ಉಣ್ಣುವ ಒಬ್ಬ ಗೆಳೆಯ ಬಂದ. ಅವನೇ ಜಲಾಲುದ್ದೀನ್. ಕಲ್ಯಾಣಿಯವನು. ಆಗ ಬಸವಕಲ್ಯಾಣ ಎಂದು ಯಾರೂ ಅನ್ನುತ್ತಿರಲಿಲ್ಲ, ಕಲ್ಯಾಣಿ ಎಂದೇ ಹೆಸರು. ನಮ್ಮ ಬ್ಯಾಂಡಿನ ದೊಡ್ಡ ಡ್ರಮ್ಮು ಅವನದು.

ಬ್ಯಾಂಡಿನಲ್ಲಿ ಯಾರು ದೊಡ್ಡವರು ಗೊತ್ತೇನು ನಿಮಗೆ? ಮುಂದೆ ಬೆಳ್ಳಿಯ ಕೋಲು ಹಿಡಿದು ನಡೆಯುವವನು ಎಂದು ನೋಡುವವರು ತಿಳಿಯುತ್ತಾರೆ, ಆದರೆ ಐವತ್ತು ಜನರ ನೂರು ಕಾಲುಗಳು ಒಂದೇ ಸಲ ನೆಲ ಮುಟ್ಟುವುದು ದೊಡ್ಡ ಡ್ರಮ್ಮಿನವನ ಮಾತಿನಿಂದ, ಅದಕ್ಕೇ ಅವನೊಬ್ಬನಿಗೇ ಹೆಗಲ ಮೇಲೆ ಚಿರತೆಯ ಚರ್ಮ, ಅವನು ಧಾಟಿಯ ಕೊನೆಗೆ ಎರಡು ಗಟ್ಟಿ ಏಟು ಹೊಡೆಯುವತನಕ ಯಾರೂ ಊದುವುದನ್ನು ನಿಲ್ಲಿಸುವ ಹಾಗಿಲ್ಲ, ಎದುರಿಗೆ ಗೋಡೆ ಬಂದರೂ ನಿಲ್ಲಿಸುವ ಹಾಗಿಲ್ಲ. ಜಲಾಲನ ಎಡಗೈ ಮಣಿಕಟ್ಟು ಒಮ್ಮೆ ಮುರಿದು ಸೊಟ್ಟ ಕೂಡಿತ್ತು. ಹಾಗಾಗಿ ಅವನ ಎಡಗೈ ಏಟು ಒಂದು ಕೂದಲಿನಷ್ಟು ತಡವಾಗಿ ಬೀಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಬ್ಯಾಂಡಿನಿಂದ ತೆಗೆಯುತ್ತಿದ್ದರು. ಆದರೆ ಆ ತಡದಲ್ಲಿ ಏನೋ ಇತ್ತು... ನಡೆಯುವವನಿಗೆ ಹಿಂದಿನಿಂದ ಯಾರೋ ಮೆಲ್ಲಗೆ ಬೆನ್ನು ತಟ್ಟಿದ ಹಾಗೆ ಆಗುತ್ತಿತ್ತು.

ಮಣ್ಣಿಗೆ ಹೋಗುವ ಕಾಯ್ದೆಯನ್ನು ನಮಗೆ ಹೇಳಿಕೊಟ್ಟವನು ಗೋವಾದ ಕಡೆಯ ಒಬ್ಬ ಮುದುಕ ಬ್ಯಾಂಡ್‌ಮಾಸ್ತರ. ಹೋಗುವಾಗ ಡ್ರಮ್ಮಿಗೆ ಕರೀ ಬಟ್ಟೆ ಸುತ್ತಬೇಕು, ಧೀಮಿ ಚಾಲು ನುಡಿಸಬೇಕು, ಅಂದರೆ ಒಂದೊಂದು ಹೆಜ್ಜೆಗೂ ನಿಂತು ನಿಂತು ನಡೆಯುವ ನಡಿಗೆ. ಮಣ್ಣು ಕೊಟ್ಟ ಮೇಲೆ ಬಟ್ಟೆ ಬಿಚ್ಚಿ ತೇಜ್ ಚಾಲು ಹಿಡಿದು ಲಗುಬಗೆಯಿಂದ ಮರಳಬೇಕು. ಯಾಕೆ ಎಂದು ನಾನು ಕೇಳಿದ್ದೆ. ಬದುಕಿದ ಸಿಪಾಯಿಗಳಿಗೆ ನಾಳೆ ಕೆಲಸವಿದೆ, ಅವರ ಎದೆ ಕುಸಿಯಬಾರದು, ಪುಸ್ತಕದಲ್ಲಿ ಬರೆದದ್ದು ಇಷ್ಟೇ ಎಂದ ಮುದುಕ. ಆಮೇಲೆ ದನಿ ಇಳಿಸಿ ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿದ. ಧೀಮಿ ಚಾಲು ಸತ್ತವನನ್ನು ನಡೆಸಿಕೊಂಡು ಹೋಗುತ್ತದೆ. ಪರೇಡು ಮುಗಿಯಿತು ಎಂದು ಅವನಿಗೆ ತಿಳಿಸುವುದು ತೇಜ್ ಚಾಲು. ಅದು ಕೇಳಿಸದಿದ್ದರೆ ಅವನು ನಡೆಯುತ್ತಲೇ ಇರುತ್ತಾನೆ... ನಾವು ಹುಡುಗರು ನಕ್ಕೆವು. ಜಲಾಲ ನಗಲಿಲ್ಲ. ಮನೆಗೆ ಹೋದಾಗ ಹೆಂಡತಿ ಸರ್ದಾರಬಿಗೂ ಹೇಳಿದ್ದನಂತೆ.

ನಲವತ್ತೆಂಟನೆಯ ಇಸವಿ ಬಂತು. ಆ ವರ್ಷದ ಸುದ್ದಿ ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಅವರು ಮಾತು ತಿರುಗಿಸುತ್ತಾರೆ. ಬೇಸಗೆಯಲ್ಲಿ ಗೋರ್ಟಾ ಹಳ್ಳಿಯಲ್ಲಿ ಸಂಸ್ಥಾನದ ಕಡೆಯ ರಜಾಕಾರರು ಜನರನ್ನು ಕೊಂದರು. ಅಲ್ಲಿಂದ ಓಡಿ ಬಂದವರು ದಾರಿಯಲ್ಲೂ ಸತ್ತರು. ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಸೊಲ್ಲಾಪುರದ ಕಡೆಯಿಂದ ಟ್ಯಾಂಕು ತಂದಿತು. ಅದು ದಾಟಿ ಹೋದ ಮೇಲೆ ಸೇಡು ತೀರಿಸುವವರು ಎದ್ದರು, ಆಗ ಸಾಯುವ ಸರದಿ ಯಾವ ತಪ್ಪೂ ಮಾಡದ ಸಾಬರದಾಯಿತು. ನಾನು ಯಾರ ಲೆಕ್ಕ ಹೆಚ್ಚು ಎಂದು ಹೇಳಲು ಕೂತಿಲ್ಲ. ಕಲ್ಯಾಣಿಯ ಈ ಒಂದೇ ದಾರಿಯ ಎರಡೂ ಬದಿಗೆ ಹೆಣ ಹೂಳಲು ಮಣ್ಣು ತೋಡಿದ್ದರು, ಅದನ್ನು ನನ್ನ ಕಣ್ಣಿಂದ ನೋಡಿದ್ದೇನೆ.

ಯುದ್ಧ ಬಂದರೆ ಬ್ಯಾಂಡಿನವರು ಏನು ಮಾಡುತ್ತಾರೆ ಹೇಳಿ? ವಾದ್ಯಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ, ಸ್ಟ್ರೆಚರು ಹೊರುತ್ತಾರೆ. ಜಲಾಲ, ನಾನು, ಚಿಟಗುಪ್ಪದ ಖಾಜಾ, ಮೂವರೂ ಒಂದೇ ಲಾರಿಯಲ್ಲಿದ್ದೆವು. ಖಾಜಾ ಕಾರ್ನೆಟ್ಟೆಂಬ ಹಿತ್ತಾಳೆ ತುತ್ತೂರಿ ಊದುವವನು, ಅದನ್ನು ಮಾತ್ರ ಬೀಗದೊಳಗೆ ಬಿಡದೆ ಚೀಲದಲ್ಲಿ ಅಡಗಿಸಿ ತಂದಿದ್ದ. ಕಲ್ಯಾಣಿಗೆ ತಿರುಗುವ ದಾರಿಯ ಹತ್ತಿರ ನಮ್ಮ ಲಾರಿಯ ಮೇಲೆ ವಿಮಾನ ಬಂತು. ನಾವು ಜೋಳದ ಹೊಲಕ್ಕೆ ಹಾರಿದೆವು. ಎದ್ದು ನೋಡಿದರೆ ಜಲಾಲ ದಾರಿಯ ಮೇಲೇ ಇದ್ದ, ಹೊಟ್ಟೆ ಹಿಡಿದುಕೊಂಡು. ಹಗಲು ಹನ್ನೊಂದು ಗಂಟೆ ಇರಬೇಕು. ಅವನ ಮನೆ ಅಲ್ಲಿಂದ ಎರಡೇ ಕೋಸು, ನಾಲ್ಕು ಮೈಲಿಯ ದಾರಿ.

ಹತ್ತಿರ ಓಡಿದೆ. ನನ್ನ ಅಂಗಿ ಹಿಡಿದು ಎಳೆದ.

"ಸರ್ದಾರಬಿಗೆ ನೀನೇ ಹೋಗಿ ಹೇಳು, ಮಚ್ಚ್ಯಾ. ಬ್ಯಾರೆಯವರ ಬಾಯಿಂದ ಆಕಿ ಕೇಳಬಾರದು."

ಹೇಳುತ್ತೇನೆ ಎಂದೆ. ಹೊಲದ ರೈತ ಸಲಿಕೆ ಕೊಟ್ಟ, ತಾನೇ ಸ್ಟ್ರೆಚರಿನ ಒಂದು ತುದಿ ಹಿಡಿದ. ನಾನು ಇನ್ನೊಂದು ತುದಿ. ಖಾಜಾ ಮುಂದೆ ನಡೆದು ಕಾರ್ನೆಟ್ಟಿನಲ್ಲಿ ಧೀಮಿ ಚಾಲು ಊದಿದ... ಜಿಟಿಜಿಟಿ ಮಳೆ, ಇನ್ನೂರು ಹೆಜ್ಜೆ, ಡ್ರಮ್ಮಿಲ್ಲದ ಬ್ಯಾಂಡು. ಒಂದು ಹುಣಸೆಯ ಮರದ ಕೆಳಗೆ ಅವನನ್ನು ಇಟ್ಟೆವು, ಖಾಜಾ ದುವಾ ಓದಿದ, ಮಣ್ಣು ಕೊಟ್ಟೆವು. ಅಷ್ಟರಲ್ಲಿ ಸೊಲ್ಲಾಪುರದ ಕಡೆಯಿಂದ ಇಂಜಿನ್ನುಗಳ ಸದ್ದು. ನಮ್ಮ ಮೈಮೇಲೆ ಸೋಲುವ ಫೌಜಿನ ಉಡುಪು. ಓಡಿದೆವು. ತೇಜ್ ಚಾಲು ಎಲ್ಲಿಯದು? ಉಸಿರೇ ಇರಲಿಲ್ಲ.

ಎಂಟು ದಿನ ಬಿಟ್ಟು ಕಲ್ಯಾಣಿಗೆ ಹೋದೆ. ಸರ್ದಾರಬಿಯ ಅಣ್ಣನನ್ನು ಹಿಂದಿನ ದಿನವಷ್ಟೇ ಯಾರೋ ಕೊಂದಿದ್ದರು. ಓಣಿಯಲ್ಲಿ ಬಾಗಿಲು ತೆರೆದ ಮನೆ ಒಂದೂ ಇಲ್ಲ. ಅವಳು ಕಿಂಡಿಯಿಂದಲೇ ಕೇಳಿದಳು, ಹೊಸ ಸರಕಾರದವರು ಬ್ಯಾಂಡಿನ ಒಳ್ಳೆಯ ಆಳುಗಳನ್ನು ತಮ್ಮ ಫೌಜಿಗೆ ತೆಗೆದುಕೊಂಡಿದ್ದಾರಂತೆ, ಇವರನ್ನೂ ತೆಗೆದುಕೊಂಡಿರಬೇಕಲ್ಲವೇ ಎಂದು. ಅವಳ ಕಣ್ಣು ನೋಡಿದೆ. ನನ್ನ ಬಾಯಿಂದ "ಹೌದು ಭಾಬಿ" ಎಂದು ಬಂದುಬಿಟ್ಟಿತು.

ಅಲ್ಲಿಂದ ಒಂದು ವರ್ಷ ನಾಲ್ಕು ತಿಂಗಳು ಆ ಸುಳ್ಳನ್ನು ಸಾಕಿದೆ. ಹೋದಾಗಲೆಲ್ಲ ಒಂದೊಂದು ಹೊಸ ಸುದ್ದಿ ಕಟ್ಟಿ ಒಯ್ಯುತ್ತಿದ್ದೆ. ಜಲಾಲ ದಿಲ್ಲಿಯಲ್ಲಿದ್ದಾನೆ, ಈಗ ಇನ್ನೂ ದೂರ ಹಾಕಿದ್ದಾರೆ, ಕಾಗದ ಬರೆಯಲು ಬಿಡುವುದಿಲ್ಲವಂತೆ... ನಿಜ ಹೇಳಿದರೆ, ಹೇಳುತ್ತ ಹೇಳುತ್ತ ನನಗೂ ಅವನು ಅಲ್ಲಿ ಎಲ್ಲೋ ಚಿರತೆಯ ಚರ್ಮ ಹೊದ್ದು ನಡೆಯುತ್ತಿರುವುದು ಕಾಣುತ್ತಿತ್ತು.

ಐವತ್ತನೆಯ ಇಸವಿ ಜನವರಿ ಬಂತು. ಇಪ್ಪತ್ತಾರಕ್ಕೆ ದೇಶಕ್ಕೆಲ್ಲ ಹೊಸ ಕಾನೂನು. ಹುಮನಾಬಾದಿನ ಶಾಲೆಯ ಬಯಲಿನಲ್ಲಿ ಬಾವುಟ ಏರಿಸುವುದೆಂದಾಯಿತು. ಬಸವಣಪ್ಪ ಎಂಬ ಮಾಸ್ತರರು ನನ್ನ ಮನೆಗೇ ಬಂದರು. ಆ ಕಾಲದಲ್ಲಿ ನಮ್ಮ ಓಣಿಗೆ ಅವರಂಥವರು ಬರುತ್ತಿರಲಿಲ್ಲ, ಗಮನಿಸಿ. ರಾಷ್ಟ್ರಗೀತೆಯ ಸ್ವರ ಬರೆದ ಕಾಗದ ಗುಲಬರ್ಗಾದಿಂದ ತರಿಸಿದ್ದರು. ಫೌಜಿನ ಬ್ಯಾಂಡಿನವರು ಊರಲ್ಲಿರುವಾಗ ಬಾಯಿಂದ ಹಾಡಿಸಿ ಮುಗಿಸುವುದೇ ಎಂದರು. ಖಾಜಾನಿಗೆ ಹೇಳಿ ಕಳಿಸಿದೆ. ಹನ್ನೆರಡು ವರ್ಷ ಹಳೆಯ ದೊರೆಯ ಸಲಾಮಿ ಊದಿದ ತುಟಿಗಳು ನಮ್ಮವು, ಹೊಸ ಧಾಟಿಗೆ ಹೊಂದುತ್ತವೆಯೋ ಇಲ್ಲವೋ ಎಂಬ ಅಂಜಿಕೆ. ಆದರೆ ಕಾಗದ ಮುಂದಿಟ್ಟುಕೊಂಡು ಊದಿದಾಗ ಹಾಯಾಗಿ ಬಂತು. ಶಾಲೆಯ ಸಣ್ಣ ಡ್ರಮ್ಮನ್ನು ಮಾಸ್ತರರೇ ಕೊರಳಿಗೆ ಹಾಕಿಕೊಂಡರು. ದೊಡ್ಡ ಡ್ರಮ್ಮು ಒಂದಿರಲಿಲ್ಲ.

ಶಾಲೆ ಬಿಟ್ಟ ಮೇಲೆ, ಬಿಸಿಲು ಇರುವಾಗಲೇ, ಹಿಂದಿನ ಹತ್ತಿ ತುಂಬಿಡುವ ಕೊಟಡಿಯಲ್ಲಿ ತಾಲೀಮು. ಮೊದಲನೆಯ ದಿನವೇ ಅದು ಕೇಳಿಸಿತು. ಗೋಡೆಯಾಚೆ, ದೂರದಲ್ಲಿ... ಧಮ್. ಎಣಿಸಿದರೆ ಎರಡು ಉಸಿರು. ಮತ್ತೆ ಧಮ್. ಮಾಸ್ತರರು ಯಾರೋ ಜೋಳ ಕುಟ್ಟುತ್ತಿದ್ದಾರೆ ಎಂದರು. ನಾವು ಊದುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಜೋಳ ಕುಟ್ಟುವವರಿಗೆ ನಮ್ಮ ತಾಲೀಮಿನ ಗೊಡವೆ ಏನು? ಎರಡನೆಯ ದಿನ ಮೂವರೂ ಮೂರು ಕಡೆ ನಿಂತು ನುಡಿಸುತ್ತಲೇ ಕೇಳಿದೆವು, ಸದ್ದು ಕಲ್ಯಾಣಿಯ ದಾರಿಯ ಕಡೆಯಿಂದ ಬರುತ್ತಿತ್ತು. ಮೂರನೆಯ ದಿನ ಖಾಜಾ ಊದುತ್ತಲೇ ಇದ್ದ, ನಾನು ಹೊರಗೆ ಹೊರಟು ಆ ಸದ್ದಿನ ಬೆನ್ನು ಹತ್ತಿ ಅರ್ಧ ಕೋಸು ನಡೆದೆ. ಅದು ಎಷ್ಟು ದೂರವಿತ್ತೋ ಅಷ್ಟೇ ದೂರ ಉಳಿಯಿತು. ನಾವು ಎಷ್ಟು ಚುರುಕಾಗಿ ನುಡಿಸಿದರೂ ಅದು ನಮ್ಮನ್ನು ಹಿಡಿದೆಳೆದು ತನ್ನ ನಿಧಾನಕ್ಕೆ ತರುತ್ತಿತ್ತು. ರಾಷ್ಟ್ರಗೀತೆ ಹೆಣದ ಹಿಂದೆ ಹೋಗುವ ಧಾಟಿಯಾಗುತ್ತಿತ್ತು. ಬಾವುಟದ ದಿನ ಹೀಗಾದರೆ ಗತಿಯೇನು ಎಂದು ಮಾಸ್ತರರು ಹಣೆ ಒರೆಸಿಕೊಂಡರು. ಖಾಜಾ ಕಾರ್ನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದ. ಎಡಗೈ ಏಟು ತಡವಾಗಿ ಬೀಳುತ್ತಿರುವುದು ನಿನಗೂ ಕೇಳಿಸಿತೇ ಎಂದು ಅವನು ಬಾಯಿ ಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ.

ಇಪ್ಪತ್ಮೂರನೆಯ ತಾರೀಖು ಕಲ್ಯಾಣಿಯಿಂದ ಸರ್ದಾರಬಿ ಬಂದಳು. ಹಳೆಯ ಬ್ಯಾಂಡಿನವರನ್ನು ಕೂಡಿಸುತ್ತಿದ್ದಾರೆ ಎಂಬ ಸುದ್ದಿ ಅವಳಿಗೆ ಮುಟ್ಟಿತ್ತು. ಹಬ್ಬದಂಥ ದಿನ, ಗಂಡನಿಗೆ ರಜೆ ಸಿಗಬಹುದೇ ಎಂದು ಕೇಳಲು ಬಂದಿದ್ದಳು. ಕೈತುಂಬ ಹಸಿರು ಬಳೆ ಹಾಕಿದ್ದಳು. ನಾವು ಊದುತ್ತಿದ್ದೆವು. ಬಾಗಿಲಲ್ಲಿ ಅವಳನ್ನು ಕಂಡು ನನ್ನ ಉಸಿರು ತಪ್ಪಿತು, ಆದರೆ ಖಾಜಾ ನೋಡಿರಲಿಲ್ಲ, ಅವನು ನಿಲ್ಲಿಸಲಿಲ್ಲ. ಧಮ್... ಧಮ್... ಅವಳ ಮುಖ ಅರಳಿತು.

"ಇದು ಅವರ ಕೈ ಅದ," ಎಂದಳು. "ಎಲ್ಲಿ ಅದಾರ?"

ಹೊರಗೆ ಓಡಿ ಕೊಟಡಿಯನ್ನು ಸುತ್ತಿ ಬಂದಳು. ಬಯಲಿನಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಒಳಗೆ ಬಂದು ನನ್ನ ಎದುರಿಗೆ ಕುಳಿತಳು.

"ಮಚ್ಚೇಂದ್ರಭಾಯಿ, ಈಗರೆ ಖರೇ ಹೇಳು."

ಹೇಳಿದೆ. ವಿಮಾನ, ಹೊಲ, ಹುಣಸೆಯ ಮರ, ಅವನು ನನಗೆ ವಹಿಸಿದ ಮಾತು, ನಾನು ಆಡಿದ ಸುಳ್ಳು, ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿದಳು. ಹೋಗುವಾಗ ಏನು ಊದಿದಿರಿ, ಬರುವಾಗ ಏನು ಊದಿದಿರಿ? ಹೋಗುವಾಗ ಧೀಮಿ ಚಾಲು, ಬರುವಾಗ ಏನೂ ಇಲ್ಲ ಎಂದೆ.

"ಅಂದ್ರ ಒಂದೂವರಿ ವರ್ಷದಿಂದ ಅವರು ನಡ್ಯಾಕತ್ತಾರ," ಎಂದಳು. "ಕಾಲು ನೋಯ್ತಿರಬೇಕು. ನಾಳೆ ಹೋಗಿ ಬಿಡಿಸಿ ಬರ್ರಿ. ನಾನೂ ಬರ್ತೀನಿ."

ಮರುದಿನ ಮಧ್ಯಾಹ್ನ ನಾಲ್ವರೂ ಆ ತಿರುವಿಗೆ ಹೋದೆವು. ಬಸವಣಪ್ಪ ಮಾಸ್ತರರು ಬರಬೇಕಾಗಿರಲಿಲ್ಲ, ಅವರೇ ಬಂದರು, ಡ್ರಮ್ಮು ಕೊರಳಲ್ಲೇ ಇತ್ತು. ಸರ್ದಾರಬಿ ದಾರಿಯ ಮೇಲೆ ಸೆರಗು ಹೊದ್ದು ನಿಂತಳು. ಖಾಜಾ ಮರದ ಕೆಳಗೆ ಫಾತಿಹಾ ಓದಿದ. ಆಮೇಲೆ ಮೂವರೂ ಬೆನ್ನು ತಿರುಗಿಸಿ ಕಲ್ಯಾಣಿಯ ಕಡೆ ಮುಖ ಮಾಡಿ ತೇಜ್ ಚಾಲು ಎತ್ತಿದೆವು. ಸರ್ದಾರಬಿ ಎಲ್ಲರ ಮುಂದೆ ನಡೆದಳು. ಹಿಂದಿನ ಸಾಲಿನಲ್ಲಿ ನಾನೊಬ್ಬನೇ.

ಸ್ವಲ್ಪ ದೂರದವರೆಗೆ ಏನೂ ಇಲ್ಲ. ಆಮೇಲೆ ಬೆನ್ನ ಹಿಂದೆ ಧಮ್ ಎಂದಿತು, ಅದೇ ಹಳೆಯ ನಿಧಾನ. ನಾವು ಬಿಡಲಿಲ್ಲ. ಕಾಲು ಜೋರು ಮಾಡಿದೆವು, ತುಟಿ ಒಡೆಯುವ ಹಾಗೆ ಊದಿದೆವು. ಕೇಳುತ್ತಿದ್ದೀರಾ... ಒಂದು ಕಡೆ ದಾರಿ ಇಳಿಜಾರಾಗುತ್ತದೆ, ಅಲ್ಲಿ ಆ ಡ್ರಮ್ಮು ಒಮ್ಮೆ ಎಡವಿದ ಹಾಗಾಯಿತು. ಮತ್ತೆ ಎದ್ದಿತು, ಹೆಜ್ಜೆ ಬದಲಿಸಿತು, ಸರಿಯಾಗಿ ನಮ್ಮ ಕಾಲಿಗೆ ಬಂದು ಕೂಡಿತು. ಎಡಗೈ ತಡ, ಬೆನ್ನು ತಟ್ಟಿದ ಹಾಗೆ. ಖಾಜಾ ಅಳುತ್ತಲೇ ಊದುತ್ತಿದ್ದ. ನನಗೆ ಹೆದರಿಕೆ ಆಗಲಿಲ್ಲ. ಹನ್ನೆರಡು ವರ್ಷ ಅವನ ಮುಂದೆಯೇ ನಡೆದವನು ನಾನು, ಹೆದರುವುದೇನು?

ಎರಡು ಕೋಸು ಹಾಗೇ ನಡೆದೆವು. ಕಲ್ಯಾಣಿಯ ಓಣಿಯಲ್ಲಿ ಜನ ಬಾಗಿಲಿಗೆ ಬಂದು ನೋಡಿದರು. ಸರ್ದಾರಬಿ ತನ್ನ ಮನೆಯ ಹೊಸ್ತಿಲು ಮುಟ್ಟಿದಳು, ಅದೇ ಕ್ಷಣಕ್ಕೆ ನನ್ನ ಕಿವಿಯ ಹತ್ತಿರ ಎರಡು ಗಟ್ಟಿ ಏಟು ಬಿದ್ದವು. ನಮ್ಮ ವಾದ್ಯಗಳು ತಾವೇ ನಿಂತವು. ಅವಳು ಹೊಸ್ತಿಲ ಮೇಲೆ ಕೂತು, ಒಂದೊಂದಾಗಿ, ಕೈ ಗಾಯವಾಗದ ಹಾಗೆ, ಹಸಿರು ಬಳೆಗಳನ್ನು ಒಡೆದುಕೊಂಡಳು. ಅವಳು ಅಷ್ಟು ಸಮಾಧಾನವಾಗಿದ್ದುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಇಪ್ಪತ್ತಾರಕ್ಕೆ ಬಾವುಟ ಏರಿತು, ನಾವು ಊದಿದೆವು, ಧಾಟಿ ಹೊಳೆಯ ನೀರಿನ ಹಾಗೆ ಹರಿಯಿತು. ದೂರದ ಡ್ರಮ್ಮು ಮತ್ತೆಂದೂ ಕೇಳಿಸಲಿಲ್ಲ.

ಮಚ್ಚೇಂದ್ರಪ್ಪ ಇಲ್ಲಿಗೆ ಕಥೆ ನಿಲ್ಲಿಸಿ ಎಣ್ಣೆಯ ಅರಿವೆ ಮತ್ತೆ ಎತ್ತಿಕೊಂಡ. ಮಳೆ ಸಣ್ಣಗಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕಲ್ಯಾಣ, ಕಲ್ಯಾಣ ಎಂದು ಕೂಗತೊಡಗಿದ. ಹಾಗಾದರೆ ಎಲ್ಲ ನೆಟ್ಟಗಾಯಿತು ಎನ್ನುತ್ತ ನಾವು ಚೀಲಗಳನ್ನು ಎತ್ತಿಕೊಂಡೆವು.

"ಜಲಾಲನದು ನೆಟ್ಟಗಾಯ್ತು," ಎಂದ ಅವನು. ನನ್ನ ತೋಳು ಹಿಡಿದು ನಿಲ್ಲಿಸಿದ. "ಕಡೀ ಸಾಲಿನಾಗ ನಾನಿದ್ದೆ ಅಂದೆನಲ್ರಿ ಮಾಸ್ತರ. ಡ್ರಮ್ಮು ಹೆಜ್ಜಿಗೆ ಬಂದ ಮ್ಯಾಗ ಅದರ ಹಿಂದ ಬ್ಯಾರೆ ಹೆಜ್ಜಿನೂ ಕೇಳಿದ್ವು. ಬೂಟಿನವಲ್ಲ, ಬರಿಗಾಲು. ಕಾಲುಂಗುರದ ಸಪ್ಪಳ ಇತ್ತು, ಮುದುಕರ ಕೋಲು ಇತ್ತು. ಆ ದಾರ್ಯಾಗ ಮಣ್ಣಾದವ ಜಲಾಲ ಒಬ್ಬನೇ ಏನು? ನಾವು ಒಬ್ಬನ್ನ ಕರಿಲಾಕ ಊದಿದಿವಿ, ಮನಿಗೆ ನಡೀರಿ ಅನ್ನೂದು ಎಲ್ಲಾರಿಗೂ ಕೇಳಿಸ್ತು. ಗೋರ್ಟಾದ ಕಡಿಯವರು, ಕಲ್ಯಾಣಿಯವರು, ಹಿಂದೂ, ಸಾಬರು, ಕೂಡೇ ಬಂದ್ರು."

ಅವರು ಮನೆ ಮುಟ್ಟಿದರೇ ಎಂದು ಕೇಳಿದೆ.

"ಎಲ್ಲಿ ಮುಟ್ಟತಾರ್ರಿ. ಕೆಲವು ಮನಿ ಸುಟ್ಟಿದ್ದವು, ಕೆಲವು ಬ್ಯಾರೆಯವರದಾಗಿದ್ದವು. ಓಣಿ ಓಣಿ ತಿರುಗಿ ಆ ದಾರಿಗೇ ಹೊಳ್ಳಿ ಹೋದ್ರು, ಇನ್ನೂ ನಡ್ಯಾಕತ್ತಾರ. ಫೌಜಿನವಗ ಎರಡು ಏಟು ಸಾಕು, ನಿಲ್ತಾನ. ಇವರಿಗೆ ಯಾರು ಕಲಿಸಿದ್ರು ಅದನ್ನ? ಇವರನ್ನ ನಿಲ್ಲಸೂ ಧಾಟಿ ಯಾವುದು ಅಂತ ಮೂವತ್ತು ವರ್ಷ ಹುಡುಕೀನಿ, ಸಿಕ್ಕಿಲ್ಲ."

ಕಂಡಕ್ಟರು ಸೀಟಿ ಊದಿದ. ಮುದುಕ ನನ್ನ ತೋಳು ಬಿಟ್ಟ.

"ಹೋಗಿ ಬರ್ರಿ. ಆ ತಿರುವಿನಾಗ ಡ್ರೈವರ ಗಾಡಿ ನಿಲ್ಲಸ್ತಾನ, ಇಂಜಿನ್ನೂ ಬಂದ್ ಮಾಡ್ತಾನ. ಯಾರೂ ಹತ್ತೂದಿಲ್ಲ, ಯಾರೂ ಇಳಿಯೂದಿಲ್ಲ. ಯಾಕ ನಿಂತಿ ಅಂತ ಅವಗ ಗಡಬಡಿ ಮಾಡಬ್ಯಾಡ್ರಿ... ಸಣ್ಣ ಮಕ್ಕಳು ಬಾಳ ಅದಾವ, ದಾಟಲಾಕ ಹೊತ್ತ ಹಿಡೀತದ."